ಗೋಲು ಬೇಡವೆಂದ ನಾಯಕ

ಫುಟ್‌ಬಾಲ್ ಪಂದ್ಯವನ್ನು ನೋಡಲು ನೆರೆದ ಜನರ ಕಣ್ಣೆಲ್ಲ ಚೆಂಡಿನ ಮೇಲೆ. ಮನಸ್ಸೆಲ್ಲ ಗೋಲಿನ ಮೇಲೆ. ಗೋಲು ಹೊಡೆದವನ ಹೆಸರು ಮರುದಿನ ಪತ್ರಿಕೆಯ ತಲೆಬರಹವನ್ನು ಅಲಂಕರಿಸುತ್ತದೆ. ಗೋಲನ್ನು ತಡೆದವನ ಭಾವಚಿತ್ರ ಅದರ ಕೆಳಗೆ ಅಚ್ಚಾಗುತ್ತದೆ. ಇವರಿಬ್ಬರ ನಡುವೆ ತೊಂಬತ್ತು ನಿಮಿಷವೂ ಬೆವರು ಸುರಿಸಿ ದುಡಿಯುವ ಹಾಫ್‌ಬ್ಯಾಕ್ ಆಟಗಾರನನ್ನು ನೆನೆಯುವವರು ವಿರಳ. ಎದುರಾಳಿಯ ಕಾಲಿನಿಂದ ಚೆಂಡನ್ನು ಬಿಡಿಸಿಕೊಳ್ಳುವವನು ಅವನೇ. ಅದನ್ನು ಸರಿಯಾದ ಸಮಯಕ್ಕೆ ಸರಿಯಾದ ಜಾಗಕ್ಕೆ ತಲಪಿಸುವವನೂ ಅವನೇ.

ಬಯಲಾಟವನ್ನು ಇರುಳಿಡೀ ಕುಳಿತು ನೋಡಿದವರಿಗೆ ಈ ಮಾತು ಸುಲಭವಾಗಿ ತಿಳಿದೀತು. ಕಣ್ಣನ್ನು ಸೆಳೆಯುವುದು ವೇಷ, ರಂಗಸ್ಥಳವನ್ನು ನಡುಗಿಸುವುದು ವೇಷಧಾರಿಯ ಕುಣಿತ. ಆದರೆ ಪ್ರಸಂಗವನ್ನು ನಡೆಸುವವನು ಹಿಂದೆ ಜಾಗಟೆ ಹಿಡಿದಿರುವ ಭಾಗವತ. ಅವನು ತಾಳ ತಪ್ಪಿದರೆ ಅರ್ಜುನನ ಹೆಜ್ಜೆಯೂ ತಪ್ಪುತ್ತದೆ, ಕರ್ಣನ ಹೆಜ್ಜೆಯೂ ತಪ್ಪುತ್ತದೆ.

ರಷ್ಯದ ಇಗೋರ್ ನೆಟ್ಟೊ ಫುಟ್‌ಬಾಲ್ ರಂಗದ ಅಂಥ ಭಾಗವತ. ಆಟದ ಜೀವನವನ್ನೆಲ್ಲ ಆತ ಮಾಸ್ಕೋವಿನ ಸ್ಪಾರ್ಟಕ್ ಎಂಬ ಒಂದೇ ತಂಡದಲ್ಲಿ ಕಳೆದ. ಸುಮಾರು ಹತ್ತು ವರ್ಷ ಸೋವಿಯತ್ ಒಕ್ಕೂಟದ ರಾಷ್ಟ್ರೀಯ ತಂಡಕ್ಕೆ ನಾಯಕನಾಗಿದ್ದ. ಒಲಿಂಪಿಕ್ ಚಿನ್ನದ ಪದಕವನ್ನೂ, ಯೂರೋಪಿನ ರಾಷ್ಟ್ರಗಳ ಮೊಟ್ಟಮೊದಲ ಕಪ್ಪನ್ನೂ ತನ್ನ ನಾಡಿಗೆ ತಂದುಕೊಟ್ಟ. ರಾಷ್ಟ್ರದ ಪರವಾಗಿ ಆಡಿದ 54 ಪಂದ್ಯಗಳಲ್ಲಿ ಆತ ಹೊಡೆದ ಗೋಲುಗಳು ಕೇವಲ 4. ಆದರೂ ಅರವತ್ತು ವರ್ಷ ಕಳೆದ ಮೇಲೆ ಅವನ ಹೆಸರನ್ನು ಜನ ಇಂದಿಗೂ ಎತ್ತುವುದು ಒಂದು ಗೋಲಿನ ನೆಪದಿಂದಲೇ. ಅದು ಅವನು ಹೊಡೆದ ಗೋಲಲ್ಲ; ತನ್ನ ತಂಡಕ್ಕೆ ದೊರೆತಿದ್ದರೂ ಅವನು ಬೇಡವೆಂದು ಹಿಂದಿರುಗಿಸಿದ ಗೋಲು.

ದಾಯೆವ್ ಓಣಿಯ ಹುಡುಗ

ಇಗೋರ್ ನೆಟ್ಟೊ ಹುಟ್ಟಿದ್ದು 1930ರ ಜನವರಿ 9ರಂದು, ಮಾಸ್ಕೋವಿನಲ್ಲಿ. ಹೆಸರಿನ ಉತ್ತರಾರ್ಧ ರಷ್ಯದ್ದಲ್ಲ. ಅವನ ಪೂರ್ವಜರು ಇಟಲಿಯ ಮೂಲದವರು. ಕುಟುಂಬ ಎಸ್ಟೋನಿಯದಿಂದ ಬಂದು ಮಾಸ್ಕೋವಿನಲ್ಲಿ ನೆಲೆಸಿತ್ತು. ನಗರದ ನಡುವಿನ ಸ್ರೆತೆಂಕ ಬೀದಿಯ ಬಳಿ ದಾಯೆವ್ ಎಂಬ ಓಣಿ. ಅಲ್ಲಿ ಅವರ ಮನೆ. ಹಳೆಯ ಮಾಸ್ಕೋವಿನ ಮನೆಗಳ ನಡುವಣ ಅಂಗಳಗಳೇ ಹುಡುಗರ ಆಟದ ಬಯಲು. ಇಕ್ಕಟ್ಟಾದ ಅಂಗಳದಲ್ಲಿ ಹತ್ತು ಹುಡುಗರ ಕಾಲುಗಳ ನಡುವೆ ಚೆಂಡನ್ನು ಉಳಿಸಿಕೊಳ್ಳಬೇಕಾದರೆ ಬಲಕ್ಕಿಂತ ಹದ ಮುಖ್ಯ. ಆ ಹದವನ್ನು ಇಗೋರ್ ಎಳವೆಯಲ್ಲೇ ಕಲಿತ. ಚಳಿಗಾಲದಲ್ಲಿ ಹಿಮಗಟ್ಟಿದ ನೆಲದ ಮೇಲೆ ಹಾಕಿಯನ್ನೂ ಆಡಿದ. ಮುಂದೆ ಸ್ಪಾರ್ಟಕ್‌ನ ಐಸ್ ಹಾಕಿ ತಂಡದಲ್ಲಿಯೂ ಕೆಲವು ಕಾಲ ಇದ್ದ.

1949ರಲ್ಲಿ ಹತ್ತೊಂಬತ್ತರ ಹರೆಯದ ನೆಟ್ಟೊ ಸ್ಪಾರ್ಟಕ್‌ನ ಪ್ರಧಾನ ತಂಡದಲ್ಲಿ ಆಡತೊಡಗಿದ. ಸ್ಪಾರ್ಟಕ್ ಸೈನ್ಯಕ್ಕಾಗಲಿ ಪೊಲೀಸ್ ಇಲಾಖೆಗಾಗಲಿ ಸೇರಿದ ತಂಡವಾಗಿರಲಿಲ್ಲ. ಆದ್ದರಿಂದಲೇ ಮಾಸ್ಕೋವಿನ ಸಾಮಾನ್ಯ ಜನ ಅದನ್ನು ತಮ್ಮದೆಂದು ಎಣಿಸಿ ಹಚ್ಚಿಕೊಂಡಿದ್ದರು. 1935ರಲ್ಲಿ ಅದನ್ನು ಕಟ್ಟಿ ಬೆಳೆಸಿದವರು ಸ್ತಾರೋಸ್ತಿನ್ ಸಹೋದರರು. ಸ್ಟಾಲಿನ್ನನ ಆಳ್ವಿಕೆಯಲ್ಲಿ, 1942ರಲ್ಲಿ, ನಾಲ್ವರು ಸಹೋದರರೂ ಬಂಧನಕ್ಕೊಳಗಾಗಿ ದೂರದ ಶ್ರಮ ಶಿಬಿರಗಳ ಪಾಲಾದರು. ನೆಟ್ಟೊ ತಂಡವನ್ನು ಸೇರಿದಾಗ ಅದನ್ನು ಕಟ್ಟಿದವರು ಸೆರೆಯಲ್ಲಿದ್ದರು.

ತೆಳ್ಳಗೆ, ನೀಳವಾಗಿ ಬೆಳೆದ ದೇಹ, ಉದ್ದನೆಯ ಕತ್ತು, ತಲೆಯನ್ನು ಮೇಲೆತ್ತಿ ಮೈದಾನವನ್ನೆಲ್ಲ ನೋಡುತ್ತ ಓಡುವ ರೀತಿ. ಇದನ್ನು ಕಂಡ ಪ್ರೇಕ್ಷಕರು ಅವನಿಗೆ ಇಟ್ಟ ಅಡ್ಡಹೆಸರು ‘ಗೂಸ್’. ರಷ್ಯನ್ ಭಾಷೆಯಲ್ಲಿ ಹಾಗೆಂದರೆ ಹೆಬ್ಬಾತು.

ಆ ಕಾಲದ ತಂಡಗಳಲ್ಲಿ ಗೋಲಿಯ ಮುಂದೆ ಮೂವರು ರಕ್ಷಕರು, ಮುಂಚೂಣಿಯಲ್ಲಿ ಐವರು. ಇವರ ನಡುವೆ ಇಬ್ಬರು ಹಾಫ್‌ಬ್ಯಾಕ್‌ಗಳು. ನೆಟ್ಟೊವಿನ ಸ್ಥಾನ ಎಡಗಡೆಯ ಹಾಫ್‌ಬ್ಯಾಕಿನದು. ಎದುರಾಳಿ ಮುನ್ನುಗ್ಗಿದಾಗ ಹಿಂದೆ ಸರಿದು ರಕ್ಷಿಸಬೇಕು. ತನ್ನವರು ಮುನ್ನುಗ್ಗಿದಾಗ ಜೊತೆಗೆ ಓಡಿ ಚೆಂಡನ್ನು ಒದಗಿಸಬೇಕು. ಅನೇಕ ಹಾಫ್‌ಬ್ಯಾಕ್‌ಗಳು ಚೆಂಡು ಸಿಕ್ಕಿದೊಡನೆ ಅದನ್ನು ಬಲವಾಗಿ ಮುಂದಕ್ಕೆ ಒದ್ದು ಕೈತೊಳೆದುಕೊಳ್ಳುತ್ತಿದ್ದರು. ನೆಟ್ಟೊವಿಗೆ ಅದು ಸಲ್ಲದ ಮಾತು. ಗುರಿಯಿಲ್ಲದೆ ಚೆಂಡನ್ನು ಒದೆಯುವುದೆಂದರೆ ಕಷ್ಟಪಟ್ಟು ಗಳಿಸಿದ್ದನ್ನು ಬೀದಿಗೆ ಎಸೆದಂತೆ ಎಂದು ಅವನ ಭಾವನೆ. ಚೆಂಡನ್ನು ಕಾಲಿಗೆ ಅಂಟಿಸಿಕೊಂಡು, ಒಬ್ಬಿಬ್ಬರನ್ನು ತಪ್ಪಿಸಿ, ಹತ್ತು ಹದಿನೈದು ಗಜ ದೂರದ ಸಂಗಾತಿಗೆ ನಯವಾಗಿ ಕೊಟ್ಟು, ಮರಳಿ ಪಡೆಯಲು ಮತ್ತೆ ಓಡುವನು. ಇದೇ ಸ್ಪಾರ್ಟಕ್‌ನ ಆಟದ ಶೈಲಿಯಾಗಿ ಹೆಸರಾಯಿತು.

ಅವನ ನಾಲಗೆ ಮಾತ್ರ ಅಷ್ಟು ನಯವಾಗಿರಲಿಲ್ಲ. ತಪ್ಪು ಮಾಡಿದ ಜೊತೆಗಾರನನ್ನು ಮೈದಾನದಲ್ಲಿಯೇ ಬೈಯುವನು. ಗೆಲ್ಲುತ್ತಿರುವಾಗಲೂ ಸೋಮಾರಿತನವನ್ನು ಸಹಿಸನು. ತಂಡದ ಹಿರಿಯರೂ ಅವನ ಮಾತಿನ ಮೊನೆಗೆ ಹೊರತಾಗಿರಲಿಲ್ಲ. ಆದರೆ ಹಾಗೆ ಬೈದವನು ಮರುಕ್ಷಣದಲ್ಲಿ ಅದೇ ಜೊತೆಗಾರನಿಗಾಗಿ ಮೈದಾನದ ಆ ತುದಿಯಿಂದ ಈ ತುದಿಗೆ ಓಡುತ್ತಿದ್ದುದರಿಂದ ಯಾರೂ ಅವನನ್ನು ದ್ವೇಷಿಸಲಿಲ್ಲ. ಕಂಡದ್ದನ್ನು ಕಂಡಂತೆ ಹೇಳುವುದು ಅವನ ಹುಟ್ಟುಗುಣ. ಆ ಗುಣದ ಇನ್ನೊಂದು ಮುಖವನ್ನು ಜಗತ್ತು ಮುಂದೆ ಚಿಲಿ ದೇಶದಲ್ಲಿ ಕಂಡಿತು.

ಮನೆಯೊಳಗಿನ ಗಾಯ

ಇಗೋರನಿಗೆ ಐದು ವರ್ಷ ಹಿರಿಯನಾದ ಅಣ್ಣನೊಬ್ಬನಿದ್ದ, ಹೆಸರು ಲೆವ್. ಎರಡನೆಯ ಮಹಾಯುದ್ಧದಲ್ಲಿ, 1944ರಲ್ಲಿ, ಜರ್ಮನರ ವಶದಲ್ಲಿದ್ದ ಎಸ್ಟೋನಿಯಕ್ಕೆ ಗುಪ್ತವಾಗಿ ಹೋರಾಡಲು ಕಳುಹಿಸಲಾದ ದಳದಲ್ಲಿ ಆತನಿದ್ದ. ಜರ್ಮನರ ಕೈಗೆ ಸಿಕ್ಕಿ ಯುದ್ಧಕೈದಿಯಾದ. ಯುದ್ಧದ ಕೊನೆಯಲ್ಲಿ ಅಮೆರಿಕದ ಸೈನ್ಯ ಅವನನ್ನು ಬಿಡಿಸಿತು. ಅಲ್ಲಿಯೇ ಉಳಿಯದೆ ತಾಯ್ನಾಡಿಗೆ ಮರಳಿ ಬಂದ. ಹಾಗೆ ಬಂದುದೇ ಮುಳುವಾಯಿತು. 1948ರಲ್ಲಿ ಅವನನ್ನು ಬಂಧಿಸಿ, ಅಮೆರಿಕನರ ಬೇಹುಗಾರನೆಂಬ ಸುಳ್ಳು ಆರೋಪ ಹೊರಿಸಿ, ಇಪ್ಪತ್ತೈದು ವರ್ಷಗಳ ಶಿಕ್ಷೆ ವಿಧಿಸಲಾಯಿತು. ಉತ್ತರ ಧ್ರುವವೃತ್ತದಾಚೆಯ ನೊರಿಲ್ಸ್ಕ್ ಎಂಬಲ್ಲಿ, ವರ್ಷದ ಬಹುಭಾಗ ಹಿಮ ಮುಚ್ಚಿದ ನೆಲದಲ್ಲಿ, ಕೈದಿಗಳ ಶ್ರಮ ಶಿಬಿರದಲ್ಲಿ ಅವನು ದುಡಿದ.

ಓದುಗರು ಈ ಎರಡು ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ತಮ್ಮ ಎದೆಯ ಮೇಲೆ ರಾಷ್ಟ್ರದ ನಾಲ್ಕಕ್ಷರಗಳನ್ನು ಧರಿಸಿ, ರಾಷ್ಟ್ರದ ಮಾನಕ್ಕಾಗಿ ಪರದೇಶಗಳಲ್ಲಿ ಆಡುತ್ತಿದ್ದಾನೆ. ಅದೇ ರಾಷ್ಟ್ರ ಅಣ್ಣನನ್ನು ದ್ರೋಹಿಯೆಂದು ಕರೆದು ಹಿಮದ ಸೆರೆಯಲ್ಲಿಟ್ಟಿದೆ. 1953ರಲ್ಲಿ ಸ್ಟಾಲಿನ್ ತೀರಿಕೊಂಡ. ಅದೇ ವರ್ಷ ನೊರಿಲ್ಸ್ಕಿನ ಕೈದಿಗಳು ದಂಗೆಯೆದ್ದರು. ಲೆವ್ ಅದರಲ್ಲಿ ಪಾಲುಗೊಂಡ. ಅವನಿಗೆ ಬಿಡುಗಡೆ ದೊರೆತದ್ದು 1956ರಲ್ಲಿ. ಸ್ಪಾರ್ಟಕ್‌ನ ಸ್ತಾರೋಸ್ತಿನ್ ಸಹೋದರರು ಅದಕ್ಕೆ ಎರಡು ವರ್ಷ ಮುಂಚೆ ಮನೆಗೆ ಮರಳಿದ್ದರು.

ಹೆಲ್ಸಿಂಕಿಯ ಪಾಠ

ಸೋವಿಯತ್ ಒಕ್ಕೂಟ ಒಲಿಂಪಿಕ್ ಕ್ರೀಡೆಗಳಿಗೆ ಮೊದಲ ಬಾರಿ ಕಾಲಿಟ್ಟದ್ದು 1952ರಲ್ಲಿ, ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ. ಫುಟ್‌ಬಾಲ್ ತಂಡದಲ್ಲಿ ಇಪ್ಪತ್ತೆರಡರ ನೆಟ್ಟೊ ಇದ್ದ. ಬಲ್ಗೇರಿಯವನ್ನು ಸೋಲಿಸಿದ ಮೇಲೆ ಎದುರಾದದ್ದು ಯುಗೋಸ್ಲಾವಿಯ. ಆಗ ಸ್ಟಾಲಿನ್ನನಿಗೂ ಯುಗೋಸ್ಲಾವಿಯದ ಟಿಟೊವಿಗೂ ಕಡುಹಗೆ. ಹೀಗಾಗಿ ಅದು ಬರಿಯ ಚೆಂಡಾಟವಾಗಿ ಉಳಿಯಲಿಲ್ಲ.

ಆ ಪಂದ್ಯದ ಕಥೆಯೇ ಅದ್ಭುತ. ಒಂದು ಹಂತದಲ್ಲಿ ಯುಗೋಸ್ಲಾವಿಯ 5, ಸೋವಿಯತ್ 1. ಪಂದ್ಯದಲ್ಲಿ ಒಟ್ಟು ಮೂರು ಗೋಲುಗಳನ್ನು ಹೊಡೆದ ನಾಯಕ ಬೊಬ್ರೋವ್ ಅಲ್ಲಿಂದ ತಂಡವನ್ನು ಮೇಲೆತ್ತಿದ. ಪಂದ್ಯ 5–5ರಲ್ಲಿ ಸಮವಾಯಿತು. ಆದರೆ ಎರಡು ದಿನಗಳ ಅನಂತರ ನಡೆದ ಮರುಪಂದ್ಯದಲ್ಲಿ ಸೋವಿಯತ್ ತಂಡ 1–3ರಿಂದ ಸೋತಿತು. ಆಡಿ ಸೋತದ್ದನ್ನು ಆಳುವವರು ಅಪರಾಧವೆಂದು ಬಗೆದರು. ಸೈನ್ಯದ ಪ್ರಖ್ಯಾತ ತಂಡವನ್ನು ವಿಸರ್ಜಿಸಲಾಯಿತು. ಕೆಲವು ಆಟಗಾರರು ಬಿರುದುಗಳನ್ನು ಕಳೆದುಕೊಂಡರು. ಸೋಲಿನ ಬೆಲೆ ಎಷ್ಟು ದುಬಾರಿಯಾಗಬಲ್ಲುದೆಂಬುದನ್ನು ತರುಣ ನೆಟ್ಟೊ ಹತ್ತಿರದಿಂದಲೇ ಕಂಡ.

ಎರಡು ವರ್ಷ ರಾಷ್ಟ್ರೀಯ ತಂಡ ಕಣಕ್ಕಿಳಿಯಲೇ ಇಲ್ಲ. 1954ರ ಸೆಪ್ಟೆಂಬರಿನಲ್ಲಿ ಹೊಸ ತಂಡ ಮಾಸ್ಕೋವಿನಲ್ಲಿ ಸ್ವೀಡನ್ನನ್ನು 7–0ರಿಂದ ಸೋಲಿಸಿ ಮತ್ತೆ ತಲೆಯೆತ್ತಿತು. ಆ ತಂಡದ ನಾಯಕತ್ವ ನೆಟ್ಟೊವಿನ ಪಾಲಿಗೆ ಬಂತು. ಮರುವರ್ಷ ಆಗಸ್ಟ್ 21ರಂದು ವಿಶ್ವವಿಜೇತ ಪಶ್ಚಿಮ ಜರ್ಮನಿ ಮಾಸ್ಕೋವಿಗೆ ಬಂತು. ಯುದ್ಧ ಮುಗಿದು ಹತ್ತೇ ವರ್ಷ. ಪ್ರೇಕ್ಷಕರಲ್ಲಿ ಯುದ್ಧದ ಗಾಯ ಹೊತ್ತವರು, ಮನೆಯವರನ್ನು ಕಳೆದುಕೊಂಡವರು ಅದೆಷ್ಟೋ ಜನ. ಮೊದಲು 1–2ರಿಂದ ಹಿಂದೆ ಬಿದ್ದ ಸೋವಿಯತ್ ತಂಡ ಕೊನೆಗೆ 3–2ರಿಂದ ಗೆದ್ದಿತು. ಪಂದ್ಯ ಯಾವ ಅಹಿತವೂ ಇಲ್ಲದೆ ನಡೆಯಿತೆಂಬುದು ಗೆಲುವಿಗಿಂತಲೂ ದೊಡ್ಡ ಮಾತು.

ಮೆಲ್ಬರ್ನಿನ ಚಿನ್ನ

1956ರ ಒಲಿಂಪಿಕ್ ಕ್ರೀಡೆಗಳು ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ. ಸೋವಿಯತ್ ತಂಡದ ದಾರಿ ಹೂವಿನದಾಗಿರಲಿಲ್ಲ. ಜರ್ಮನಿಯನ್ನು 2–1ರಿಂದ ಸೋಲಿಸಿದ ಮೇಲೆ ಇಂಡೋನೇಷಿಯದಂಥ ಹೊಸ ರಾಷ್ಟ್ರ ಅವರನ್ನು 0–0ಯಲ್ಲಿ ತಡೆದು ನಿಲ್ಲಿಸಿತು. ಮರುಪಂದ್ಯದಲ್ಲಿ 4–0ಯ ಗೆಲುವು. ನಾಲ್ಕರಲ್ಲಿ ಒಂದು ಗೋಲು ನಾಯಕನದೇ.

ಬಲ್ಗೇರಿಯದೊಡನೆ ನಡೆದ ಸೆಮಿಫೈನಲಿನಲ್ಲಿ ರಕ್ಷಕ ಟಿಷ್ಚೆಂಕೊವಿನ ಕೊರಳೆಲುಬು ಮುರಿಯಿತು. ಗಾಯಗೊಂಡವನ ಬದಲು ಇನ್ನೊಬ್ಬನನ್ನು ಇಳಿಸಲು ಆಗಿನ ನಿಯಮದಲ್ಲಿ ಅವಕಾಶವಿರಲಿಲ್ಲ. ಟಿಷ್ಚೆಂಕೊ ತೋಳನ್ನು ದೇಹಕ್ಕೆ ಕಟ್ಟಿಸಿಕೊಂಡು ಮತ್ತೆ ಮೈದಾನಕ್ಕೆ ಬಂದ. ಹೆಚ್ಚುವರಿ ಸಮಯದಲ್ಲಿ ಬಲ್ಗೇರಿಯ ಮೊದಲು ಗೋಲು ಹೊಡೆಯಿತು. ಹತ್ತೊಂಬತ್ತರ ತರುಣ ಸ್ಟ್ರೆಲ್ಟ್ಸೋವ್ ಅದನ್ನು ಸರಿಗಟ್ಟಿಸಿದ. ಕೊನೆಯ ನಿಮಿಷಗಳಲ್ಲಿ ಟಟುಷಿನ್ ಗೆಲುವಿನ ಗೋಲು ಹೊಡೆದ.

ಈ ಕೂಟದ ಮಾತು ಬಂದಾಗ ನಮ್ಮವರನ್ನು ನೆನೆಯದಿರುವುದು ಹೇಗೆ? ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ ಸೆಮಿಫೈನಲ್ ತಲಪಿದ ಭಾರತ ತಂಡ, ಯುಗೋಸ್ಲಾವಿಯಕ್ಕೂ ಬಲ್ಗೇರಿಯಕ್ಕೂ ಸೋತು ನಾಲ್ಕನೆಯ ಸ್ಥಾನ ಪಡೆಯಿತು. ಇಂದಿಗೂ ಒಲಿಂಪಿಕ್ ಫುಟ್‌ಬಾಲಿನಲ್ಲಿ ಭಾರತದ ಅತ್ಯುತ್ತಮ ಸಾಧನೆ ಅದೇ. ಆ ತಂಡದ ಹಾಫ್‌ಬ್ಯಾಕ್‌ಗಳಲ್ಲಿ ಒಬ್ಬ ನಮ್ಮ ನಾಡಿನ ಎಂ. ಕೆಂಪಯ್ಯ. ಭಾರತವನ್ನು ಸೋಲಿಸಿದ ಎರಡು ತಂಡಗಳನ್ನೂ ಅದೇ ಕೂಟದಲ್ಲಿ ಸೋಲಿಸಿದ್ದು ನೆಟ್ಟೊವಿನ ತಂಡ.

ಡಿಸೆಂಬರ್ 8ರ ಫೈನಲಿನಲ್ಲಿ ಎದುರಾಳಿ ಮತ್ತೆ ಯುಗೋಸ್ಲಾವಿಯ. ಸೋವಿಯತ್ ತಂಡದ ಹನ್ನೊಂದು ಮಂದಿಯಲ್ಲಿ ಎಂಟು ಮಂದಿ ಸ್ಪಾರ್ಟಕ್‌ನವರೇ. ಗೋಲಿನಲ್ಲಿ ಮಾತ್ರ ಡೈನಮೊ ತಂಡದ ಸುವಿಖ್ಯಾತ ಯಾಷಿನ್. ಇಲ್ಯಿನ್ ಹೊಡೆದ ಏಕೈಕ ಗೋಲಿನಿಂದ ಪಂದ್ಯ 1–0 ಆಯಿತು. ನಾಲ್ಕು ವರ್ಷಗಳ ಹಿಂದಿನ ಕಹಿ ತೀರಿತು.

ಆಗಿನ ಪದ್ಧತಿಯಂತೆ ಪದಕಗಳು ದೊರೆತದ್ದು ಫೈನಲಿನಲ್ಲಿ ಆಡಿದ ಹನ್ನೊಂದು ಮಂದಿಗೆ ಮಾತ್ರ. ಸೆಮಿಫೈನಲಿನ ವೀರ ಸ್ಟ್ರೆಲ್ಟ್ಸೋವನಿಗೆ ಪದಕವಿಲ್ಲ. ಅವನ ಸ್ಥಾನದಲ್ಲಿ ಆಡಿದ ಸಿಮೊನ್ಯಾನನಿಗೆ ಇತ್ತು. ಸಿಮೊನ್ಯಾನ್ ತನ್ನ ಪದಕವನ್ನು ಕಿರಿಯನ ಕೈಗಿಡಲು ಹೋದ, ಕಿರಿಯ ಒಪ್ಪಲಿಲ್ಲ. ಇಂಥ ಮನಸ್ಸುಗಳಿದ್ದ ತಂಡಕ್ಕೆ ನೆಟ್ಟೊ ನಾಯಕನಾಗಿದ್ದ. ತಂಡ ‘ಗ್ರೂಜಿಯ’ ಎಂಬ ಹಡಗಿನಲ್ಲಿ ಸಾಗರ ದಾಟಿ ವ್ಲಾಡಿವೊಸ್ಟಾಕ್ ಬಂದರಿಗೆ ಬಂದು, ಅಲ್ಲಿಂದ ಸೈಬೀರಿಯವನ್ನು ಹಾಯ್ದು ದಿನಗಟ್ಟಲೆ ರೈಲಿನಲ್ಲಿ ಪಯಣಿಸಿ ಮಾಸ್ಕೋ ತಲಪಿತು. 1957ರಲ್ಲಿ ನಾಯಕನಿಗೆ ‘ಲೆನಿನ್ ಪದಕ’ ಎಂಬ ಅತ್ಯುನ್ನತ ಗೌರವ ದೊರೆಯಿತು. ಅಣ್ಣ ಸೆರೆಯಿಂದ ಬಿಡುಗಡೆಯಾಗಿ ಆಗ ಒಂದು ವರ್ಷ.

ಪ್ಯಾರಿಸಿನ ಇರುಳು

1958ರ ವಿಶ್ವ ಕಪ್ ಸ್ವೀಡನ್ನಿನಲ್ಲಿ. ನೆಟ್ಟೊ ಗಾಯಗೊಂಡಿದ್ದ, ಆಡಿದ್ದು ಒಂದೇ ಪಂದ್ಯ, ಅದೂ ಬ್ರೆಜಿಲ್ ಎದುರು. ವಿಶ್ವ ಕಪ್ಪಿನಲ್ಲಿ ಪೆಲೆ ಮತ್ತು ಗರಿಂಚರ ಮೊದಲ ಪಂದ್ಯ ಅದು. ಬ್ರೆಜಿಲ್ 2–0ಯಿಂದ ಗೆದ್ದಿತು. ಮುಂದೆ ಕ್ವಾರ್ಟರ್ ಫೈನಲಿನಲ್ಲಿ ಸ್ವೀಡನ್ ಸೋವಿಯತ್ ತಂಡವನ್ನು ಹೊರಗಟ್ಟಿತು. ಸಮಾಧಾನವೆಂದರೆ ಆ ವರ್ಷ ಸ್ಪಾರ್ಟಕ್ ಲೀಗ್ ಪ್ರಶಸ್ತಿ, ಕಪ್ ಎರಡನ್ನೂ ಗೆದ್ದುಕೊಂಡಿತು.

ಯೂರೋಪಿನ ರಾಷ್ಟ್ರಗಳಿಗಾಗಿಯೇ ಒಂದು ಕಪ್ ಪಂದ್ಯಾವಳಿ ಮೊದಲ ಬಾರಿಗೆ ಏರ್ಪಾಡಾಗಿ, ಅದರ ಕೊನೆಯ ಘಟ್ಟ 1960ರ ಜುಲೈಯಲ್ಲಿ ಫ್ರಾನ್ಸಿನಲ್ಲಿ ನಡೆಯಿತು. ಅದಕ್ಕೆ ಮುಂಚೆ ಸೋವಿಯತ್ ತಂಡ ಸ್ಪೇನನ್ನು ಎದುರಿಸಬೇಕಾಗಿತ್ತು. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ತನ್ನ ತಂಡವನ್ನು ಮಾಸ್ಕೋವಿಗೆ ಕಳುಹಿಸಲು ಒಪ್ಪದೆ ಹೋದುದರಿಂದ ಆ ಪಂದ್ಯಗಳು ನಡೆಯಲೇ ಇಲ್ಲ. ಮಾರ್ಸೆಯಲ್ಲಿ ಜೆಕೊಸ್ಲೊವಾಕಿಯವನ್ನು 3–0ಯಿಂದ ಸೋಲಿಸಿ, ಜುಲೈ 10ರ ಭಾನುವಾರ ಪ್ಯಾರಿಸಿನಲ್ಲಿ ಫೈನಲಿಗೆ ನಿಂತಾಗ ಎದುರಾಳಿ ಯಾರು? ಮತ್ತೆ ಯುಗೋಸ್ಲಾವಿಯವೇ!

ಮಳೆಯಿಂದ ನೆನೆದ ಮೈದಾನ. ಮೊದಲಾರ್ಧದ ಕೊನೆಯಲ್ಲಿ ಯುಗೋಸ್ಲಾವಿಯ ಮುಂದಾಯಿತು. ಉತ್ತರಾರ್ಧದ ಆರಂಭದಲ್ಲೇ ಮೆಟ್ರೆವೆಲಿ ಸಮಗೊಳಿಸಿದ. ತೊಂಬತ್ತು ನಿಮಿಷ ಕಳೆದರೂ ಇತ್ಯರ್ಥವಾಗಲಿಲ್ಲ. ಹೆಚ್ಚುವರಿ ಸಮಯದಲ್ಲಿ, 113ನೆಯ ನಿಮಿಷ, ವಿಕ್ಟರ್ ಪೊನೆಡೆಲ್ನಿಕ್ ತಲೆಯಿಂದ ಚೆಂಡನ್ನು ಗೋಲಿಗೆ ಹಾಯಿಸಿದ. ಪೊನೆಡೆಲ್ನಿಕ್ ಎಂದರೆ ರಷ್ಯನ್ ಭಾಷೆಯಲ್ಲಿ ಸೋಮವಾರ. ಪ್ಯಾರಿಸಿನಲ್ಲಿ ಅದಿನ್ನೂ ಭಾನುವಾರದ ರಾತ್ರಿ. ಮಾಸ್ಕೋವಿನ ಗಡಿಯಾರದಲ್ಲಿ ಆಗಲೇ ಸೋಮವಾರ ಹುಟ್ಟಿತ್ತು. ಸೋಮವಾರದಂದು ಸೋಮವಾರನೇ ಗೋಲು ಹೊಡೆದನೆಂದು ರಷ್ಯದ ಜನ ಬಹುಕಾಲ ಹೇಳಿಕೊಂಡು ನಕ್ಕರು. ಯೂರೋಪಿನ ಆ ಮೊದಲ ಕಪ್ಪನ್ನು ಎತ್ತಿ ಹಿಡಿದ ಕೈ ಇಗೋರ್ ನೆಟ್ಟೊವಿನದು. ಮುಂದೆ ಎಷ್ಟು ಸಲ ಹೋರಾಡಿದರೂ ಸೋವಿಯತ್ ಒಕ್ಕೂಟವಾಗಲಿ, ಅದು ಒಡೆದ ಮೇಲಿನ ರಷ್ಯವಾಗಲಿ ಆ ಕಪ್ಪನ್ನು ಮತ್ತೊಮ್ಮೆ ಗೆದ್ದಿಲ್ಲ.

ಅರಿಕಾದಲ್ಲಿ ಒಂದು ಕ್ಷಣ

1962ರ ವಿಶ್ವ ಕಪ್ ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ. ಒರಟಾಟಕ್ಕೆ ಕುಪ್ರಸಿದ್ಧವಾದ ಪಂದ್ಯಾವಳಿ ಅದು. ಚಿಲಿ–ಇಟಲಿ ಪಂದ್ಯದಲ್ಲಿ ಆಟಗಾರರು ಪರಸ್ಪರ ಗುದ್ದಾಡಿದರು. ಉತ್ತರ ತುದಿಯ ಅರಿಕಾ ನಗರದಲ್ಲಿ ಆಡಿದ ಸೋವಿಯತ್ ತಂಡವೂ ಈ ಒರಟುತನದ ರುಚಿ ಕಂಡಿತು. ಮೊದಲ ಪಂದ್ಯದಲ್ಲಿ ಯುಗೋಸ್ಲಾವಿಯದ ಆಟಗಾರನೊಬ್ಬನ ಕ್ರೂರವಾದ ಒದೆತದಿಂದ ರಕ್ಷಕ ಡುಬಿನ್ಸ್ಕಿಯ ಕಾಲು ಮುರಿಯಿತು. ಪಂದ್ಯವನ್ನು 2–0ಯಿಂದ ಗೆದ್ದರೂ ಆ ನೋವು ಉಳಿಯಿತು. ಎರಡನೆಯ ಪಂದ್ಯದಲ್ಲಿ ಕೊಲಂಬಿಯದ ಎದುರು 4–1ರಿಂದ ಮುಂದಿದ್ದವರು 4–4ರ ಸಮಕ್ಕೆ ಇಳಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಹೀಗೆ ಜೂನ್ 6ರಂದು ಉರುಗ್ವೆಯ ಎದುರು ಮೂರನೆಯ ಪಂದ್ಯಕ್ಕೆ ನಿಂತಾಗ ಸೋವಿಯತ್ ತಂಡಕ್ಕೆ 3 ಅಂಕ, ಉರುಗ್ವೆಗೆ 2. ಗೆಲುವಿಗೆ ಆಗ 2 ಅಂಕಗಳಷ್ಟೆ. ಉರುಗ್ವೆ ಗೆದ್ದರೆ ಅದಕ್ಕೆ 4 ಆಗುತ್ತದೆ. ಯುಗೋಸ್ಲಾವಿಯಕ್ಕೂ 4 ಆಗುವ ಸಂಭವವಿದೆ. ಆಗ ಯೂರೋಪಿನ ವಿಜೇತರು ಗಂಟುಮೂಟೆ ಕಟ್ಟಬೇಕು. ಸೋತು ಮನೆಗೆ ಹೋದವರಿಗೆ ಎಂಥ ಸ್ವಾಗತ ಕಾದಿರಬಹುದೆಂಬುದನ್ನು ಹೆಲ್ಸಿಂಕಿಯಿಂದ ಮರಳಿದವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೊದಲಾರ್ಧದಲ್ಲಿ ಮಮಿಕಿನ್ ಗೋಲು ಹೊಡೆದ. ಉತ್ತರಾರ್ಧದಲ್ಲಿ ಸಸಿಯ ಉರುಗ್ವೆಗಾಗಿ ಸಮಗೊಳಿಸಿದ. 1–1. ಆಗ ಚಿಸ್ಲೆಂಕೊ ಬಲವಾಗಿ ಹೊಡೆದ ಚೆಂಡು ಬಲೆಯೊಳಗೆ ಕಂಡಿತು. ಇಟಲಿಯ ತೀರ್ಪುಗಾರ ಯೊನ್ನಿ ಗೋಲೆಂದು ಮೈದಾನದ ನಡುವಿನತ್ತ ಕೈ ತೋರಿಸಿದ. ಉರುಗ್ವೆಯವರು ಅವನನ್ನು ಮುತ್ತಿಕೊಂಡು ಕೂಗಾಡಿದರು. ತೀರ್ಪುಗಾರ ಅಲುಗಲಿಲ್ಲ. ನಿಜವಾಗಿ ನಡೆದದ್ದೇನೆಂದರೆ, ಚೆಂಡು ಗೋಲುಕಂಬದ ಹೊರಗಡೆಯಿಂದ ಹಾದು, ಪಕ್ಕದ ಬಲೆಯಲ್ಲಿದ್ದ ತೂತಿನಿಂದ ಒಳಗೆ ನುಸುಳಿತ್ತು.

ನೆಟ್ಟೊವಿಗೆ ಸಂಶಯ ಬಂತು. ಹೊಡೆದ ಚಿಸ್ಲೆಂಕೊವನ್ನೇ ಕೇಳಿದ. ಗೋಲಾಗಿಲ್ಲವೆಂದು ಅವನು ತಿಳಿಸಿದ. ನಾಯಕ ನೇರವಾಗಿ ತೀರ್ಪುಗಾರನ ಬಳಿಗೆ ನಡೆದ. ಇಬ್ಬರಿಗೂ ಸಮಾನವಾದ ಭಾಷೆಯಿಲ್ಲ. ಚೆಂಡು ಹೊರಗಿನಿಂದ ಬಂತೆಂದು ಕೈಸನ್ನೆಯಿಂದ ತೋರಿಸಿದ. ಗೋಲು ರದ್ದಾಯಿತು. ಮತ್ತೆ 1–1.

ಈ ಘಟನೆಯನ್ನು ಸ್ವಲ್ಪ ನಿಂತು ಯೋಚಿಸಬೇಕು. ತೀರ್ಪುಗಾರ ತನ್ನ ತೀರ್ಪನ್ನು ಕೊಟ್ಟಾಗಿತ್ತು. ಸುಮ್ಮನಿದ್ದರೆ ಯಾರೂ ನೆಟ್ಟೊವನ್ನು ಸುಳ್ಳನೆನ್ನುವಂತಿರಲಿಲ್ಲ. ಅವನು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಾಗಿತ್ತು. ನಿತ್ಯಜೀವನದಲ್ಲಿ ನಾವು ಎಡವುವುದು ಇಂಥ ಕಡೆಯಲ್ಲಿಯೇ ಅಲ್ಲವೆ? ಅಂಗಡಿಯವನು ಲೆಕ್ಕ ತಪ್ಪಿ ಹೆಚ್ಚು ಚಿಲ್ಲರೆ ಕೊಟ್ಟಾಗ, ಬಸ್ಸಿನ ಕಂಡಕ್ಟರು ಟಿಕೆಟು ಕೇಳುವುದನ್ನು ಮರೆತಾಗ, ‘ನಾವೇನು ಸುಳ್ಳು ಹೇಳಿದೆವೆ?’ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತೇವೆ. ಅಲ್ಲಿ ಹೋಗುವುದು ನಾಲ್ಕು ಕಾಸು. ಇಲ್ಲಿ ಪಣವಾಗಿದ್ದುದು ವಿಶ್ವ ಕಪ್ಪಿನ ಸ್ಥಾನ, ಹತ್ತು ಜನ ಸಂಗಾತಿಗಳ ದುಡಿಮೆ, ಒಂದು ಮಹಾರಾಷ್ಟ್ರದ ನಿರೀಕ್ಷೆ. ತನ್ನ ಸ್ವತ್ತನ್ನು ತ್ಯಾಗಮಾಡಲು ಯಾರಿಗೂ ಹಕ್ಕುಂಟು. ತಂಡದ ಸ್ವತ್ತನ್ನು ಬಿಟ್ಟುಕೊಡಲು ನಾಯಕನಿಗೆ ಹಕ್ಕುಂಟೆ ಎಂದು ತರ್ಕಿಸುವವರೂ ಇದ್ದಾರೆ. ನೆಟ್ಟೊವಿನ ದೃಷ್ಟಿಯಲ್ಲಿ ಆ ಗೋಲು ತಂಡದ ಸ್ವತ್ತಾಗಿರಲೇ ಇಲ್ಲ. ತಮ್ಮದಲ್ಲದ್ದನ್ನು ಹಿಂದಿರುಗಿಸುವುದಕ್ಕೆ ಹಕ್ಕಿನ ಪ್ರಶ್ನೆ ಎಲ್ಲಿಯದು?

ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಕರುವನ್ನು ತೊರೆದು ಹೊರಟ ಪುಣ್ಯಕೋಟಿಯ ಕಥೆಯನ್ನು ಕೇಳಿ ಬೆಳೆದವರು ನಾವು. ಅಲ್ಲಿ ಸತ್ಯದ ಮುಂದೆ ಹುಲಿಯ ಮನಸ್ಸೂ ಕರಗುತ್ತದೆ. ಅರಿಕಾದಲ್ಲಿ ಅಂಥ ಪವಾಡ ನಡೆದೇತೀರುವ ಭರವಸೆ ಯಾರಿಗಿತ್ತು? ಉಳಿದ ನಿಮಿಷಗಳಲ್ಲಿ ಉರುಗ್ವೆ ಒಂದು ಗೋಲು ಹೊಡೆದಿದ್ದರೆ ನೆಟ್ಟೊವಿನ ಹೆಸರು ಅವನ ನಾಡಿನಲ್ಲಿ ಬೇರೆಯೇ ರೀತಿಯಲ್ಲಿ ಉಳಿಯುತ್ತಿತ್ತು. ಪಂದ್ಯ ಮುಗಿಯಲು ಒಂದು ನಿಮಿಷವಿರುವಾಗ ವ್ಯಾಲೆಂಟಿನ್ ಇವಾನೋವ್ ಗೋಲು ಹೊಡೆದ. ಯಾರೂ ಬೆರಳೆತ್ತಿ ತೋರಿಸಲಾಗದ ಗೋಲು. ಸೋವಿಯತ್ ತಂಡ 2–1ರಿಂದ ಗೆದ್ದಿತು.

ನಾಲ್ಕೇ ದಿನಗಳಲ್ಲಿ, ಅದೇ ಅರಿಕಾದಲ್ಲಿ, ಆತಿಥೇಯ ಚಿಲಿ ಅವರನ್ನು 2–1ರಿಂದ ಸೋಲಿಸಿ ಹೊರಗಟ್ಟಿತು. ಸತ್ಯ ನುಡಿದವನಿಗೆ ವಿಶ್ವ ಕಪ್ ದೊರೆಯಲಿಲ್ಲ. ಆದರೆ ಆ ವರ್ಷ ಮನೆಗೆ ಮರಳಿ ಸ್ಪಾರ್ಟಕ್‌ಗೆ ಇನ್ನೊಂದು ಲೀಗ್ ಪ್ರಶಸ್ತಿ ಗೆದ್ದುಕೊಟ್ಟ. 1952, 53, 56, 58, 62. ಹೀಗೆ ಐದು ಬಾರಿ ಲೀಗ್. 1950, 58, 63ರಲ್ಲಿ ಕಪ್.

ಆಟ ಮುಗಿದ ಮೇಲೆ

ನೆಟ್ಟೊ ರಾಷ್ಟ್ರಕ್ಕಾಗಿ ಕೊನೆಯ ಬಾರಿ ಆಡಿದ್ದು 1965ರಲ್ಲಿ. ಮರುವರ್ಷ ಸ್ಪಾರ್ಟಕ್‌ನ ಅಂಗಿಯನ್ನೂ ಕಳಚಿಟ್ಟ. ಆ ಅಂಗಿಯಲ್ಲಿ ಆಡಿದ ಲೀಗ್ ಪಂದ್ಯಗಳು ಮುನ್ನೂರ ಅರವತ್ತನ್ನು ಮೀರಿದ್ದವು. ಅನಂತರ ಶಿಕ್ಷಕನಾಗಿ ಸೈಪ್ರಸ್ಸಿನ ಒಮೊನಿಯ, ಗ್ರೀಸಿನ ಪಾನಿಯೋನಿಯೋಸ್, ಬಾಕುವಿನ ನೆಫ್ಟ್ಚಿ ತಂಡಗಳಲ್ಲಿಯೂ, ಇರಾನಿನ ರಾಷ್ಟ್ರೀಯ ತಂಡದಲ್ಲಿಯೂ ದುಡಿದ. ಆಟಗಾರನಾಗಿ ಏರಿದ ಎತ್ತರಕ್ಕೆ ಶಿಕ್ಷಕನಾಗಿ ಏರಲಿಲ್ಲ. ತನ್ನ ಕಾಲಿಗೆ ಸಹಜವಾಗಿದ್ದುದು ಇತರರ ಕಾಲಿಗೆ ಏಕೆ ಬರದೆಂದು ಸಹನೆಗೆಡುವ ಸ್ವಭಾವ ದೊಡ್ಡ ಆಟಗಾರರಲ್ಲಿ ಅಪರೂಪವೇನಲ್ಲ. ಸ್ಪಾರ್ಟಕ್‌ನ ಬಾಲಕರಿಗೆ ಆಟ ಕಲಿಸುವ ಕೆಲಸವನ್ನೂ ಆತ ಮಾಡಿದ. ಚದುರಂಗದಲ್ಲಿ ಅವನಿಗೆ ಬಹಳ ಆಸಕ್ತಿ. ಮೈದಾನದಲ್ಲಿ ನಾಲ್ಕು ನಡೆ ಮುಂದೆ ಕಾಣುತ್ತಿದ್ದ ಕಣ್ಣಿಗೆ ಅರವತ್ತನಾಲ್ಕು ಮನೆಗಳ ಆಟ ರುಚಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಪತ್ನಿ ಓಲ್ಗಾ ಯಾಕೊವ್ಲೆವಾ ಮಾಸ್ಕೋವಿನ ಹೆಸರಾಂತ ರಂಗನಟಿ. ನಿರ್ದೇಶಕ ಅನಾತೋಲಿ ಎಫ್ರೋಸ್‌ನ ನಾಟಕಗಳಲ್ಲಿ ಪ್ರಧಾನ ಪಾತ್ರಗಳನ್ನು ವಹಿಸಿದವಳು. ಕ್ರೀಡಾರಂಗದ ನಾಯಕನೂ ನಾಟಕರಂಗದ ನಾಯಕಿಯೂ ಕೂಡಿ ಬಾಳಿದ ಆ ಸಂಸಾರ ಬಹುವರ್ಷಗಳ ಅನಂತರ ಬೇರೆಯಾಯಿತು.

ಕೊನೆಯ ವರ್ಷಗಳು ಕಷ್ಟದವು. ನೆನಪನ್ನು ಮೆಲ್ಲಮೆಲ್ಲನೆ ಅಳಿಸಿಹಾಕುವ ಆಲ್ಜೈಮರ್ ರೋಗ ಅವನನ್ನು ಹಿಡಿಯಿತು. ತಾನು ಗೆದ್ದ ಪಂದ್ಯಗಳು, ಎತ್ತಿ ಹಿಡಿದ ಕಪ್ ಒಂದೊಂದಾಗಿ ಮಸುಕಾದವು. ಆಗ ಅವನಿಗೆ ಆಸರೆಯಾದವನು ಅಣ್ಣ ಲೆವ್. ನೊರಿಲ್ಸ್ಕಿನ ಹಿಮದಿಂದ ಬದುಕಿ ಬಂದ ಅದೇ ಲೆವ್ ತಮ್ಮನ ಕೈಹಿಡಿದು ನಡೆಸಿದ. 1999ರ ಮಾರ್ಚ್ 30ರಂದು ಇಗೋರ್ ನೆಟ್ಟೊ ಮಾಸ್ಕೋವಿನಲ್ಲಿ ತೀರಿಕೊಂಡ. ಅಲ್ಲಿಯ ವಗಾನ್ಕೊವೊ ರುದ್ರಭೂಮಿಯಲ್ಲಿ ಅವನ ಸಮಾಧಿಯಿದೆ. ಲೆವ್ ತೊಂಬತ್ತು ದಾಟಿ ಬಾಳಿ, ಶಿಬಿರದಲ್ಲಿ ತಾನು ಕಂಡುಂಡದ್ದನ್ನು ಹೊಸ ತಲೆಮಾರಿಗೆ ಹೇಳುತ್ತಿದ್ದ. ಕಂಡದ್ದನ್ನು ಕಂಡಂತೆ ಹೇಳುವ ಗುಣ ಆ ಮನೆಗೇ ಬಂದದ್ದೆಂದು ತೋರುತ್ತದೆ.

ಮಾಸ್ಕೋವಿನ ಒಂದು ಕ್ರೀಡಾಂಗಣಕ್ಕೆ ಇಂದು ನೆಟ್ಟೊವಿನ ಹೆಸರಿದೆ. ಸೋವಿಯತ್ ತಂಡದ ಪರವಾಗಿ ಐವತ್ತು ಪಂದ್ಯಗಳನ್ನು ಮೊದಲು ಮುಟ್ಟಿದವನು ಅವನೇ ಆದುದರಿಂದ, ಐವತ್ತು ಅಥವಾ ಹೆಚ್ಚು ಪಂದ್ಯಗಳನ್ನು ರಾಷ್ಟ್ರಕ್ಕಾಗಿ ಆಡಿದವರನ್ನೆಲ್ಲ ‘ಇಗೋರ್ ನೆಟ್ಟೊ ಕ್ಲಬ್’ ಎಂಬ ಗೌರವದ ಪಟ್ಟಿಯಲ್ಲಿ ಸೇರಿಸುತ್ತಾರೆ. ವಿಶ್ವ ಕಪ್ಪಿನ ದಾಖಲೆಗಳನ್ನು ತೆರೆದು 1962ರ ಜೂನ್ 6ರ ಪುಟವನ್ನು ನೋಡಿದರೆ ಅಲ್ಲಿ ಕಾಣುವುದು ಮೂರೇ ಗೋಲುಗಳು: ಮಮಿಕಿನ್, ಸಸಿಯ, ಇವಾನೋವ್. ನಾಲ್ಕನೆಯದು ಯಾವ ಲೆಕ್ಕದಲ್ಲಿಯೂ ಇಲ್ಲ. ಮಕ್ಕಳು ಸಂಜೆ ಆಟ ಮುಗಿಸಿ ಮನೆಗೆ ಬಂದಾಗ ‘ಗೆದ್ದಿರಾ?’ ಎಂದು ಕೇಳುವ ತಂದೆತಾಯಂದಿರು ಆ ನಾಲ್ಕನೆಯ ಗೋಲಿನ ಕಥೆಯನ್ನೂ ಒಮ್ಮೆ ಅವರಿಗೆ ಹೇಳಬಹುದು.